ಹಾಜಿ ಸಾಹೇಬರ ಗಾದಿ

ಡಬ್ಲಿನ್ ಊರಿನಲ್ಲಿ ಹಾಜಿ ಸಾಹೇಬರ ಹೋಟೆಲಿನಷ್ಟು ಒಳ್ಳೆಯ ಹೋಟೆಲು ಇನ್ನೊಂದಿರಲಿಲ್ಲ. ಅಲ್ಲಿ ಶುಕ್ರವಾರ ಮಟನ್ ಪಲಾವ್, ಶನಿವಾರ ಕೈಮಾ ಉಂಡೆ, ಮಳೆ ಬಂದ ದಿನ ಎಲ್ಲರಿಗೂ ಪುಕ್ಕಟೆ ಕಾಲ್‌ಸೂಪು. ಐರ್ಲೆಂಡಿನಲ್ಲಿ ಮಳೆ ಬಾರದ ದಿನ ಯಾವುದು, ಹಾಗಾದರೆ ಆ ಮನುಷ್ಯ ಬದುಕುವುದು ಹೇಗೆ ಎಂದು ಯಾರೂ ಕೇಳುವಂತಿರಲಿಲ್ಲ. ಬಾಗಿಲ ಮೇಲೆ ಹಸಿರು ಬೋರ್ಡು, ಗಲ್ಲಾದ ಮೇಲೆ ೭೮೬, ಗಲ್ಲಾದ ಹಿಂದೆ ಮರದ ಸ್ಟೂಲಿನ ಮೇಲೆ ಬಿಳಿ ಗಡ್ಡದ ಹಾಜಿ ಸಾಹೇಬರು. ಸೊಂಟ ಹಿಡಿದುಕೊಂಡಿದ್ದರೂ ಬಂದವರಿಗೆಲ್ಲ ಎದ್ದು ನಿಂತು ಸಲಾಂ ಹೇಳುವಷ್ಟು ದೊಡ್ಡ ಮನಸ್ಸು. ಈ ಹೋಟೆಲಿಗೆ ಇದ್ದದ್ದು ಒಂದೇ ಕೊರತೆ. ಹೋಟೆಲೇ ಇರಲಿಲ್ಲ.

ಕಟ್ಟಿಸಿದವಳು ಜಬೀನಾ. ಎರಡು ವರ್ಷದ ಹಿಂದೆ ಎಂ.ಎಸ್ಸಿ. ಓದಲು ದಾವಣಗೆರೆಯಿಂದ ಬಂದ ಮೊದಲ ಶುಕ್ರವಾರ, ಅಜ್ಜಿ ಹುಸೇನಮ್ಮ ಫೋನಿನಲ್ಲಿ “ಏನ್ ತಿಂದೆ ಕೂಸೆ?” ಎಂದು ಕೇಳಿದ್ದಳು. ಜಬೀನಾಳ ಕೈಯಲ್ಲಿ ಆಗ ತಣ್ಣಗಿನ ಚೀಸ್ ಸ್ಯಾಂಡ್‌ವಿಚ್ ಇತ್ತು. ಅದರ ಹೆಸರೆತ್ತಿದರೆ ಅಜ್ಜಿ ಅತ್ತಾಳೆಂದು “ಪಲಾವ್” ಎಂದಳು. ಎಲ್ಲಿ ಸಿಕ್ಕಿತು ಎಂದಾಗ ಕಾಲೇಜಿನ ಪಕ್ಕದಲ್ಲೊಂದು ಹೋಟೆಲು ಎದ್ದಿತು. ಯಾರದು ಎಂದಾಗ ಹಾಜಿ ಸಾಹೇಬರು ಹುಟ್ಟಿದರು. ಮೂರು ತಿಂಗಳಲ್ಲಿ ಅವರಿಗೆ ಗಡ್ಡ ಬಂತು, ಆರು ತಿಂಗಳಿಗೆ ಸೊಂಟ ನೋವು.

ತಪ್ಪು ಅರ್ಧ ಅಜ್ಜಿಯದೇ. ಅವರದು ಪಿಂಜಾರರ ಮನೆ. ಮನೆಮಾತು ಕನ್ನಡ, ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ಫೋಮು ಬಂದು ಆ ಕಸುಬನ್ನು ಮಲಗಿಸಿದ ವರ್ಷಗಳಲ್ಲಿ ಮನೆಯಲ್ಲಿ ದಿನವೂ ಮುದ್ದೆ, ಸೊಪ್ಪಿನ ಸಾರು. ಹುಡುಗಿ ಬಾಯಿ ತೆರೆಯದಿದ್ದಾಗ ಹುಸೇನಮ್ಮ ಕಥೆಯೊಳಗಿನ ಬಾದಷಾನ ಅಡುಗೆಮನೆಯನ್ನು ತೆರೆಯುತ್ತಿದ್ದಳು. ಅಲ್ಲಿ ಕೊತ್ತಂಬರಿ ಸೊಪ್ಪನ್ನು ಚಿನ್ನದ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಬಿರಿಯಾನಿ ಹಂಡೆಯೊಳಗೆ ಇಳಿಯಲು ಏಣಿ ಇತ್ತು. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ತುತ್ತು ಮುದ್ದೆ. ಅಂಥ ಮನೆಯಲ್ಲಿ ಬೆಳೆದವಳು ಒಂದು ಹೋಟೆಲು ಕಟ್ಟಿದರೆ ಆಶ್ಚರ್ಯವೇನು.

ಹಾಗೆಂದು ಜಬೀನಾ ತಿನ್ನಬಾರದ್ದನ್ನು ತಿಂದವಳಲ್ಲ. ತಿನ್ನುವಂಥದ್ದೇನನ್ನೂ ತಿಂದಿರಲಿಲ್ಲ, ಅಷ್ಟೆ. ಡಬ್ಲಿನ್ನಿನಲ್ಲಿ ಹಲಾಲ್ ಅಂಗಡಿಗಳು ಬೇಕಾದಷ್ಟಿದ್ದವು. ಆದರೆ ಅವಳಿದ್ದದ್ದು ಸಮುದ್ರದ ದಂಡೆಯ ಡನ್ ಲಿಯರಿಯಲ್ಲಿ. ಅಂಗಡಿಯೆಂದರೆ ಒಂದು ರೈಲು, ಒಂದು ಬಸ್ಸು, ಮೇಲೆ ಅರ್ಧ ಗಂಟೆ ನಡಿಗೆ. ಸುಳ್ಳಾದರೆ ಕೂತಲ್ಲೇ ಬೇಯುತ್ತಿತ್ತು.

ಓದು ಮುಗಿಸಿ ಸೇರಿಕೊಂಡ ಕಂಪನಿಯವರು ಜನವರಿಯಲ್ಲಿ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸುವ ಕಾಗದ ಕೊಟ್ಟರು. ಮಾರ್ಚ್ ಮೂರನೆಯ ಸೋಮವಾರದೊಳಗೆ ಸಹಿ ಹಾಕಬೇಕು. ಊರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ದಾದಾಪೀರ್ ಒಂದೇ ಮಾತು ಹೇಳಿದ: “ನಿಮ್ಮಜ್ಜಿ ನೋಡ್ಕಂಡು ಬರ್ಲಿ. ಆಯಮ್ಮ ಹೂಂ ಅಂದ್ರೆ ಇರು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು.” ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ತಮ್ಮೂರಿನ ಡಾಕ್ಟರ್ ಹೇಮಚಂದ್ರ ರಜೆ ಮುಗಿಸಿ ಹಿಂದಿರುಗುವಾಗ ಹುಸೇನಮ್ಮನನ್ನು ಜೊತೆಯಲ್ಲಿ ಕರೆತಂದು ಬಾಗಿಲಿಗೆ ಮುಟ್ಟಿಸಿ ಹೋದರು. ರಂಜಾನಿನ ಚಂದ್ರ ಕಾಣುವುದರೊಳಗೆ ಊರು ಸೇರಬೇಕೆಂದು ಎಪ್ಪತ್ತೆರಡು ವರ್ಷದ ಅಜ್ಜಿ ಹತ್ತೇ ದಿನಕ್ಕೆ ಬಂದಿದ್ದಳು.

ಬಂದವಳು ಪೆಟ್ಟಿಗೆ ತೆರೆದಳು. ಖಾರದ ಪುಡಿ ಇಲ್ಲ, ಉಪ್ಪಿನಕಾಯಿ ಇಲ್ಲ. ಪೆಟ್ಟಿಗೆಯ ತುಂಬ ಹರಡಿಕೊಂಡಿದ್ದದ್ದು ಒಂದು ದುಂಡನೆಯ ಗಾದಿ. ಕೆಂಪು ಅಂಚು, ನೀಲಿ ಬಟ್ಟೆ, ಹೆಬ್ಬೆರಳ ಅಂತರಕ್ಕೊಂದು ಕೈಹೊಲಿಗೆ.

“ಹಾಜಿ ಸಾಹೇಬ್ರಿಗೆ” ಎಂದಳು ಹುಸೇನಮ್ಮ. “ಮರದ ಸ್ಟೂಲ್ ಮ್ಯಾಲೆ ಕೂತು ಸೊಂಟ ಹಿಡ್ಕಂಡೈತೆ ಅಂತಿದ್ಯಲ್ಲ. ಅಟ್ಟದ ಮ್ಯಾಗಿನ ಹತ್ತಿ ಹಿಂಜೋ ಬಿಲ್ಲು ಇಳಿಸಿ ನಾನೇ ಹಿಂಜಿದೆ. ಹದಿನೈದು ದಿನ ಹಿಡೀತು. ಶನಿವಾರ ಕರ್ಕಂಡು ಹೋಗು, ಕೈಯಾರೆ ಕೊಡ್ತೀನಿ.”

ಜಬೀನಾ ಗಾದಿಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ತಾನು ಎರಡು ವರ್ಷ ಬಾಯಲ್ಲಿ ಹಿಂಜಿದ ಸುಳ್ಳಿಗೆ ಅಲ್ಲಿ ಅಜ್ಜಿ ಕೈಯಲ್ಲಿ ಹತ್ತಿ ಹಿಂಜಿದ್ದಳು.

ಅಜ್ಜಿ ನಮಾಜಿಗೆ ಕೂತಾಗ ಅವಳು ಅಡುಗೆಮನೆಗೆ ಓಡಿ ಐಶುವಿಗೆ ಹೇಳಿದಳು. ಐಶು ಎಂದರೆ ಐಶ್ವರ್ಯಾ, ಮನೆ ಹಂಚಿಕೊಂಡ ಗೆಳತಿ, ದಾವಣಗೆರೆಯವಳೇ, ಲಿಂಗಾಯತರ ಹುಡುಗಿ. ಮೊಟ್ಟೆಯನ್ನೂ ಮುಟ್ಟದವಳು ಐರ್ಲೆಂಡಿಗೆ ಬಂದ ಮೇಲೆ ಆರು ತಿಂಗಳು ನಿಷ್ಠೆಯಿಂದ ಬೀದಿ ಕೊನೆಯ ಅಂಗಡಿಯ ಆಲೂಗಡ್ಡೆ ಚಿಪ್ಸ್ ತಿಂದು ಬದುಕಿದ್ದಳು. ಏಳನೆಯ ತಿಂಗಳು ಗೊತ್ತಾಯಿತು, ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ ಎಂದು. ಅದು ಐಶುವಿಗೂ ನಿಷಿದ್ಧ. ಹಲಾಲ್ ಅಲ್ಲದ ದನವಾದ್ದರಿಂದ ಜಬೀನಾಳಿಗೂ ನಿಷಿದ್ಧ. ಒಂದೇ ತಟ್ಟೆಯಿಂದ ಇಬ್ಬರನ್ನೂ ಕೆಡಿಸಬಲ್ಲ ಇಂಥ ಸರ್ವಧರ್ಮ ಸಮನ್ವಯ ತಮ್ಮೂರಿನಲ್ಲೂ ಇಲ್ಲವೆಂದು ಐಶು ಆಗಾಗ ಹೊಗಳುತ್ತಿದ್ದಳು.

“ಹಾಜಿ ತೀರ್ಕಂಡ್ರು ಅಂತ ಹೇಳಿಬಿಡು” ಎಂದಳು ಐಶು, ಈರುಳ್ಳಿ ಹೆಚ್ಚುತ್ತಾ.

“ಅಜ್ಜಿ ಗೋರಿ ಎಲ್ಲಿ ಅಂತಾಳೆ.”

“ಹಾಗಾದ್ರೆ ಹೋಟ್ಲು ಹುಡುಕ್ಬೇಕು. ಎರಡು ವರ್ಷದಿಂದ ಮಾಡಿದ್ರೆ ಆಗ್ತಿತ್ತು, ನಾಳೆ ಒಂದೇ ದಿನದಲ್ಲಿ ಮಾಡೋಣ. ನಿಂಗೂ ಒಂದು ಅನುಭವ.”

ನಾಳೆ ಎಂದರೆ ಶುಕ್ರವಾರ, ಇಡೀ ಐರ್ಲೆಂಡು ಹಸಿರು ತೊಡುವ ಸಂತ ಪ್ಯಾಟ್ರಿಕ್ ಹಬ್ಬ. ಅಜ್ಜಿಯನ್ನು ಮಲಗಿಸಿ ಇಬ್ಬರೂ ಮಧ್ಯಾಹ್ನದ ರೈಲಿಗೆ ಪೇಟೆಗೆ ಹೋದರು. ಮೆರವಣಿಗೆ ನೋಡಲು ಬಂದ ಜನ ಬೀದಿ ತುಂಬಿದ್ದರು. ಕಂಬ, ಕಿಟಕಿ, ನಾಯಿ, ಎಲ್ಲಕ್ಕೂ ಹಸಿರು. ಮೊದಲ ರೆಸ್ಟೊರೆಂಟಿಗೆ ಫೋನಿನ ಆ್ಯಪು “ಹಲಾಲ್ ಸಿಗುತ್ತದೆ” ಎಂಬ ಬಿರುದು ಕೊಟ್ಟಿತ್ತು. ಕೆಳಗೆ ಯಾರೋ ಪುಣ್ಯಾತ್ಮ ಐದು ನಕ್ಷತ್ರ ಹಾಕಿ ಬರೆದಿದ್ದ: ‘ಅಪ್ಪಟ ಹಲಾಲ್. ಬಿಯರ್ ಅಂತೂ ಅದ್ಭುತ.’

ಹಸಿರು ಟೋಪಿಯ ಹುಡುಗಿ ಪ್ರಶ್ನೆಯನ್ನು ಪೂರ್ತಿ ಪ್ರೀತಿಯಿಂದ ಕೇಳಿಸಿಕೊಂಡಳು. “ಗ್ಲುಟೆನ್ ಇಲ್ಲದ ಹಾಗೆ ಮಾಡಿಕೊಡಬಹುದು, ಲವ್. ಪರವಾಗಿಲ್ವಾ?”

“ಗೋಧಿಯಲ್ಲಿರೋ ಗ್ಲುಟೆನ್ ವಿಷಯ ಅಲ್ಲ” ಎಂದಳು ಐಶು. “ಕುರೀನ ಹೇಗೆ ಕೊಯ್ದಿದ್ದಾರೆ ಅಂತ.”

ಹುಡುಗಿಯ ಮುಖ ಬಾಡಿತು. “ಅದಕ್ಕೆ ನೋವಾಗಿರಲ್ಲ ಅನ್ಸುತ್ತೆ” ಎಂದು ಸಮಾಧಾನ ಹೇಳಿ, ಇಬ್ಬರಿಗೂ ಒಂದೊಂದು ಲೋಟ ನೀರು ಕೊಟ್ಟಳು.

ಎರಡನೆಯ ಅಂಗಡಿಯ ಮಾಲೀಕ ಪ್ರಾಮಾಣಿಕನಾಗಿರಲು ತುಂಬ ಪ್ರಯತ್ನಿಸಿದ. ಕೋಳಿ ಹಲಾಲ್ ಎಂದ. ಕುರಿ ಅರ್ಧ ಹಲಾಲ್ ಎಂದ. ಅರ್ಧ ಅಂದರೇನು ಎಂದಾಗ, ಮಾಂಸ ತಂದು ಹಾಕುವವರು ಇಬ್ಬರು, ಯಾವತ್ತು ಯಾರು ಬರುತ್ತಾರೋ ದೇವರಿಗೇ ಗೊತ್ತು ಎಂದ. ಯಾವ ದೇವರಿಗೆ ಎಂದು ಐಶು ಕೇಳುವುದರೊಳಗೆ ಜಬೀನಾ ಅವಳನ್ನು ಹೊರಗೆಳೆದಳು.

ಮೂರನೆಯದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಆರು ಮೇಜು, ಗೋಡೆಯ ಮೇಲೆ ಕಟ್ಟು ಹಾಕಿಸಿದ ಹಲಾಲ್ ಸರ್ಟಿಫಿಕೇಟು, ಗಲ್ಲಾದ ಹಿಂದೆ, ದೇವರ ದಯೆ, ಮರದ ಸ್ಟೂಲು. ಯಜಮಾನನ ಹೆಸರು ಯಾಸೀನ್, ಅಲ್ಜೀರಿಯಾದವನು. ವಯಸ್ಸು ಮೂವತ್ತೈದು, ಫುಟ್‌ಬಾಲ್ ಜೆರ್ಸಿ, ನುಣ್ಣಗೆ ಬೋಳಿಸಿದ ಗಲ್ಲ. ಐಶು ಅವನಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಳು. ಅವನು ಈರುಳ್ಳಿ ಹುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

“ನಾನು ಹಜ್‌ಗೆ ಹೋಗಿಲ್ಲ.”

“ನೀವು ಹೋಗ್ಬೇಕಾಗಿಲ್ಲ. ಅವರು ಹಾಜಿ ಅಂತಾರೆ, ನೀವು ನಗ್ಬೇಕು.”

“ಸುಳ್ಳು ಹೇಳ್ಬೇಕಾ?”

“ಇಲ್ಲ. ಸುಮ್ನಿದ್ರೆ ಸಾಕು.”

ಅವನು, ತನಗೂ ಒಬ್ಬಳು ಅಜ್ಜಿಯಿದ್ದಳು ಎಂದು ಹೇಳಿ, ಇಲ್ಲಿಯವರ ಹಾಗೆ “ಗ್ರ್ಯಾಂಡ್” ಎಂದ, ಅಂದರೆ ಆಗಲಿ.

“ಗಡ್ಡಕ್ಕೇನು ಮಾಡೋದು?” ಎಂದಳು ಜಬೀನಾ, ರೈಲಿನಲ್ಲಿ.

“ಸೆಖೆ ಅಂತ ತೆಗ್ಸಿದ್ರು ಅನ್ನು” ಎಂದಳು ಐಶು. ಹೊರಗೆ ಏಳು ಡಿಗ್ರಿ ಚಳಿಯಿತ್ತು.

ಶನಿವಾರ ಹುಸೇನಮ್ಮ ಸ್ವೆಟರಿನ ಮೇಲೆ ಸೀರೆ, ಸೀರೆಯ ಮೇಲೆ ಮೊಮ್ಮಗಳ ಕೋಟು, ಕಂಕುಳಲ್ಲಿ ಗಾದಿ ಇಟ್ಟುಕೊಂಡು ಹೊರಟಳು. ಪೇಟೆಯಲ್ಲಿ ಇಳಿದವಳು ನಿಂತಲ್ಲೇ ನಿಂತಳು. ಮೆರವಣಿಗೆ ಮುಗಿದಿತ್ತು, ಹಸಿರು ಮುಗಿದಿರಲಿಲ್ಲ.

ಹುಸೇನಮ್ಮನ ಊರಿನಲ್ಲಿ ‘ಹಲಾಲಾ?’ ಎಂದು ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಗಲ್ಲಾದ ಮೇಲೆ ಕೂತವನ ವಂಶಕ್ಕೇ ಅವಮಾನ. ಹಸಿರು ಬೋರ್ಡು ನೋಡು, ೭೮೬ ನೋಡು, ಗಲ್ಲಾದ ಮೇಲಿನ ಮುಖ ನೋಡು, ಕೂತು ಉಣ್ಣು. ಆ ಲೆಕ್ಕದಲ್ಲಿ ಈ ಬೀದಿಯ ಅಂಗಡಿಗಳೆಲ್ಲವೂ ನಮ್ಮವರವೇ.

“ಇಷ್ಟೊಂದು ನಮ್ಮೋರ ಹೋಟ್ಲು ಇದಾವೆ, ಹಾಜಿ ಸಾಹೇಬ್ರು ಒಬ್ರನ್ನೇ ಹೊಗಳ್ತಿದ್ಯಲ್ಲೇ” ಎಂದು ಅವಳು ಅತಿ ದೊಡ್ಡ ಹಸಿರು ಬೋರ್ಡಿದ್ದ ಬಾಗಿಲಿಗೆ ನೇರ ನಡೆದಳು. ಅದು ಪಬ್ಬು. ಹೊರಗೆ ಬೆಂಚಿನ ಮೇಲೆ ಇಬ್ಬರು ಮುದುಕರು ನೊರೆಯೆದ್ದ ಕಪ್ಪು ಬಿಯರಿನ ಲೋಟ ಹಿಡಿದು ಕೂತಿದ್ದರು.

“ಪಾಪ, ವಯಸ್ಸಾದೋರು. ಕಷಾಯ ಕುಡೀತಾ ಕೂತವ್ರೆ.”

“ಅಜ್ಜಿ, ಅದು ಕಷಾಯ ಅಲ್ಲ” ಎಂದು ಜಬೀನಾ ಕೈಹಿಡಿದಳು. “ಬ್ಯಾಡ, ಬಾ. ಇವ್ರಿಗೆ ಇದು ಹಬ್ಬ. ಪ್ಯಾಟ್ರಿಕ್ ಅಂತ ಒಬ್ರು ಸಂತರು. ನಿನ್ನೆ ಅವರು ತೀರ್ಕಂಡ ದಿನ.”

“ಉರುಸು ಅನ್ನು.” ಹುಸೇನಮ್ಮನಿಗೆ ಎಲ್ಲವೂ ಹೊಂದಿಕೊಂಡಿತು: ಹಸಿರು ಬಾವುಟ, ಮೆರವಣಿಗೆ, ಜನ. ಮುದುಕರಿಗೆ ತಲೆಬಾಗಿ ಸಲಾಂ ಹೇಳಿದಳು. ಅವರು ಲೋಟ ಎತ್ತಿ ಹರಸಿದರು. “ಉರುಸು ಅಂದ್ಮೇಲೆ ಊಟ ಹಾಕಲ್ವೇನೇ?”

“ಊಟ ಒಂದು ಬಿಟ್ಟು ಎಲ್ಲ ಮಾಡ್ತಾರೆ ಅಜ್ಜಿ” ಎಂದಳು ಐಶು. “ನೀವು ಬೇಗ ಹೆಜ್ಜೆ ಹಾಕಿ.”

ಯಾಸೀನನ ಅಂಗಡಿಯ ಮುಂದೆ ಹುಸೇನಮ್ಮ ಮತ್ತೆ ನಿಂತಳು.

“ಬೋರ್ಡು ಕೆಂಪಗೈತೆ.”

“ಬಣ್ಣ ಬದಲಾಯ್ಸಿದ್ರು.”

“ಊರೆಲ್ಲ ಹಸಿರು ಹೊಡ್ಕಂಡು ಕೂತಿರೋವಾಗ?”

ಒಳಗೆ ಯಾಸೀನ್ ಜೆರ್ಸಿಯ ಮೇಲೊಂದು ಬಿಳಿ ಅಂಗಿ ಹಾಕಿಕೊಂಡು ಕಾದಿದ್ದ. ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿದ. ಹುಸೇನಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಗಡ್ಡದ ಜಾಗ ನೋಡಿದಳು. ಸೆಖೆಯ ಕಥೆಯನ್ನು ಜಬೀನಾ ತೆಗೆಯುವುದರೊಳಗೆ ಗಲ್ಲಾದ ಹಿಂದೆ ಹೋಗಿ, ಸ್ಟೂಲನ್ನು ಸೆರಗಿನಿಂದ ಒರೆಸಿ ಗಾದಿ ಹಾಸಿದಳು. ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು.

“ಕೂತ್ಕಳಿ ಹಾಜಿ ಸಾಹೇಬ್ರೆ. ಸೊಂಟಕ್ಕೆ ಒಳ್ಳೇದು.”

ಸೊಂಟ ನೋವಿಗೆ ಎಂದು ಜಬೀನಾ ಇಂಗ್ಲಿಷಿನಲ್ಲಿ ಹೇಳಿದಾಗ ಯಾಸೀನ್ ಗಾದಿಯನ್ನು ಸವರಿ, “ಎಷ್ಟು ಚೆನ್ನಾಗಿದೆ. ಆದರೆ ನನ್ನ ಸೊಂಟ ಗಟ್ಟಿಯಾಗೇ ಇದೆಯಲ್ಲ” ಎಂದ.

“ಏನಂತಾರೆ?”

“ಬಾಳ ನೋವೈತಂತೆ” ಎಂದಳು ಜಬೀನಾ. ದುಭಾಷಿ ಎಂಬುದು ಎಂಥ ಸುಖದ ಕೆಲಸವೆಂದು ಅವಳಿಗೆ ಆಗಲೇ ಹೊಳೆದದ್ದು. ಇಡೀ ಅಂಗಡಿಯಲ್ಲಿ ಎರಡೂ ಕಡೆಯ ಬಾಗಿಲ ಬೀಗದ ಕೈ ತನ್ನಲ್ಲೇ.

ಹುಸೇನಮ್ಮ ಮೇಜಿಗೆ ಬಂದು ಕೂತು, ಕೋಟು ಬಿಚ್ಚಿ, ಬಳೆ ಮೇಲಕ್ಕೇರಿಸಿಕೊಂಡಳು. ಮೂರು ದಿನದಿಂದ ಅವಳು ಹಣ್ಣು, ಹಾಲಿನಲ್ಲೇ ಇದ್ದಳು. ಮೊದಲ ಊಟ ಹಾಜಿ ಸಾಹೇಬರಲ್ಲೇ ಎಂದು ಹಟ. “ಏನಿದ್ರೂ ಸರಿ, ತರ್ಲಿ. ನಮ್ಮ ಕೂಸಿಗೆ ಎರಡು ವರ್ಷ ಹೊಟ್ಟೆ ತುಂಬಿಸಿರೋ ಕೈ. ಊರಿಗೆ ಹೋಗಿ ನಿಮ್ಮಪ್ಪಂಗೆ ಹೇಳ್ತೀನಿ, ಇಂಥೋರಿರೋ ಊರಾಗೆ ಹುಡುಗಿ ಇರ್ಲಿ ಅಂತ.”

ಅಷ್ಟೇ ಬೇಕಾಗಿದ್ದದ್ದು. ಸೋಮವಾರದ ಸಹಿ ಈಗ ಒಂದು ತಟ್ಟೆ ಕೋಳಿಯಷ್ಟು ದೂರದಲ್ಲಿತ್ತು. ಜಬೀನಾ ಯಾಸೀನನ ಕಡೆ ತಿರುಗಿ ಮೂರು ಬೆರಳು ತೋರಿಸಿದಳು. ಐಶುವಿನ ನೆನಪಾಗಿ ಒಂದನ್ನು ಮಡಿಸಿದಳು.

ಯಾಸೀನ್ ಅಲ್ಲಾಡಲಿಲ್ಲ. ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. ನಿನ್ನೆ ಸಂಜೆ ಅವನು ಮನೆಗೆ ಹೋಗಿದ್ದನಂತೆ. ಅಂಗಡಿಯಲ್ಲಿ ಅರ್ಧ ಪಾಲಿದ್ದ ಇಲ್ಲಿಯವನೊಬ್ಬ, ಹಬ್ಬದ ಜನ ಬಂದಾರೆಂದು ಇವತ್ತು ಬೆಳಿಗ್ಗೆ ಬೇಗ ಬಾಗಿಲು ತೆರೆದು ಬ್ರೇಕ್‌ಫಾಸ್ಟ್ ರೋಲ್ ಮಾಡಿ ಮಾರಿದ್ದಾನೆ. ಹಂದಿಯ ಸಾಸೇಜು. ಕರಿದದ್ದು ಅದೇ ಎಣ್ಣೆಯಲ್ಲಿ, ಇಟ್ಟದ್ದು ಅದೇ ತಟ್ಟೆಗಳಲ್ಲಿ. “ಗೊತ್ತಾಗಿ ಒಂದು ಗಂಟೆಯಾಯ್ತು. ಕೋಳಿ ಹಲಾಲೇ. ಆದರೆ ನಿಮ್ಮ ಅಜ್ಜಿಗೆ ಇವತ್ತು ಇಲ್ಲಿ ಬೇಡ ಅಂತ ಹೇಳಿ. ಸುಮ್ಮನಿರ್ತೀನಿ ಅಂದಿದ್ದೆ. ಇದಕ್ಕೆ ಸುಮ್ಮನಿರೋಕೆ ಆಗಲ್ಲ.”

“ಏನಂತೆ?” ಎಂದಳು ಹುಸೇನಮ್ಮ, ಕೈ ತೊಳೆದುಕೊಂಡು ಕೂತವಳು.

ಜಬೀನಾ ಬಾಯಿ ತೆರೆದಳು. ‘ಐದು ನಿಮಿಷ ಅಂತೆ’ ಎಂದರೆ ಮುಗಿಯಿತು. ಅಜ್ಜಿ ಉಣ್ಣುತ್ತಾಳೆ, ಹೊಗಳುತ್ತಾಳೆ, ಹೂಂ ಎನ್ನುತ್ತಾಳೆ. ತಿಂದವಳಿಗೆ ಗೊತ್ತಿಲ್ಲದ ಪಾಪ ತಿಂದವಳಿಗೆ ತಟ್ಟದು ಎಂದು ಯಾರೋ ಹೇಳಿದ್ದು ಕೂಡ ಹೊತ್ತಿಗೆ ಸರಿಯಾಗಿ ನೆನಪಿಗೆ ಬಂತು. ಐಶುವನ್ನು ನೋಡಿದಳು. ಆರು ತಿಂಗಳು ದನದ ಕೊಬ್ಬು ತಿಂದವಳು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನೇ ದಿಟ್ಟಿಸುತ್ತಿದ್ದಳು. ಅಜ್ಜಿಯ ಬಲಗೈ ಬೆರಳುಗಳಲ್ಲಿ ಇನ್ನೂ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು.

“ಇಲ್ಲಿ ತಿನ್ನಬಾರ್ದಂತೆ ಅಜ್ಜಿ” ಎಂದಳು. “ಎಣ್ಣೆಯಾಗೆ ಹಂದಿ ಕರ್ದಿದಾರಂತೆ. ಅವ್ರಿಗೆ ಗೊತ್ತಿರ್ಲಿಲ್ಲವಂತೆ.”

“ಹಾಜಿ ಸಾಹೇಬ್ರ ಹೋಟ್ಲಾಗೆ?”

“ಅವ್ರು ಹಾಜಿ ಅಲ್ಲ. ನಿನ್ನೆ ತನಕ ಅವ್ರ ಮುಖಾನೇ ನೋಡಿರ್ಲಿಲ್ಲ ನಾನು.”

ಹುಸೇನಮ್ಮ ಮೇಲೇರಿಸಿದ್ದ ಬಳೆಗಳನ್ನು ಮತ್ತೆ ಮಣಿಕಟ್ಟಿಗೆ ಇಳಿಸಿಕೊಂಡಳು. ಆಮೇಲೆ ಒಂದೊಂದಾಗಿ ಕೇಳಿದಳು.

“ಪಲಾವು?”

“ಇಲ್ಲ.”

“ಮಳೆ ಬಂದಾಗ ಕಾಲ್‌ಸೂಪು?”

“ಇಲ್ಲ.”

“ಹೋದ್ ರಂಜಾನಿಗೆ ಸುರುಕುಂಬ ಪಾಯಸ ಕಳ್ಸಿದ್ರು ಅಂದಿ. ನಾನು ಅವ್ರ ಮಕ್ಕಳು ಮರೀಗೆ ದುವಾ ಮಾಡೀನಿ.”

ಜಬೀನಾ ಇಲ್ಲವೆಂದು ತಲೆಯಾಡಿಸಿದಳು. “ನನಗೆ ತಿಳೀದೆ…” ಎಂದು ಶುರುಮಾಡಿದವಳು ನಿಲ್ಲಿಸಿದಳು. ತಿಳಿದೇ ಮಾಡಿದ್ದು.

“ಮತ್ತೆ ಏನ್ ತಿಂತಿದ್ದೆ?”

“ಚೀಸ್ ಸ್ಯಾಂಡ್‌ವಿಚ್. ಮೊಟ್ಟೆ. ಮ್ಯಾಗಿ.”

“ನಡುನಡುವೆ ನಾನು ಉಪ್ಪಿಟ್ಟು ಮಾಡಿ ಹಾಕೀನಿ ಅಜ್ಜಿ” ಎಂದಳು ಐಶು.

“ಅದನ್ನ ಬ್ಯಾರೆ ಮಾತಾಡಾನ.”

ಯಾಸೀನ್, ಯಾರೂ ಕೇಳದಿದ್ದರೂ, ಹೊಸ ಪಾತ್ರೆಯ ಸ್ಟಿಕ್ಕರು ಕಿತ್ತು ನಾಲ್ಕು ಮೊಟ್ಟೆ ಬೇಯಿಸಿದ. ಕಾಗದದ ತಟ್ಟೆಯಲ್ಲಿ ಮೊಟ್ಟೆ, ಬ್ರೆಡ್ಡು, ಕಾಗದದ ಲೋಟದಲ್ಲಿ ಪುದೀನದ ಚಹಾ ತಂದಿಟ್ಟ. ಹುಸೇನಮ್ಮ ಒಂದು ಬ್ರೆಡ್ಡಿನ ತುಂಡನ್ನು ಬೆರಳಲ್ಲಿ ಹಿಸುಕಿ, ಹಿಂಜಿ, ಬೆಳಕಿಗೆ ಹಿಡಿದು ನೋಡಿದಳು.

“ಎರಡು ವರ್ಷ ಇದನ್ನಾ? ಇದನ್ನ ಗಾದಿಗೆ ತುಂಬ್ತಾರೆ ಕಣೆ, ಹೊಟ್ಟಿಗಲ್ಲ.”

ಆದರೂ ತಿಂದಳು. ಪೂರ್ತಿ ತಿಂದಳು. ಕೊನೆಯ ತುತ್ತು ನುಂಗಿದ ಮೇಲೆ ಹೇಳಿದಳು: “ನಾನೂ ಬಾದಷಾನ ಹಂಡೆಗೆ ಏಣಿ ಹಾಕಿದೋಳೇ. ಆದ್ರೆ ಏಣಿ ಕೆಳಗೆ ಮುದ್ದೆ ಇತ್ತಲ್ಲೇ. ನಾ ಕಥೆ ಹೇಳಿದ್ದು ಅದು ಒಳಗೆ ಹೋಗ್ಲಿ ಅಂತ. ನಿನ್ನ ಕಥೆ ಕೆಳಗೆ ಏನಿತ್ತು?”

ಜಬೀನಾ ಖಾಲಿ ಕಾಗದದ ತಟ್ಟೆಗಳನ್ನು ಒಂದರೊಳಗೊಂದು ಸೇರಿಸಿಟ್ಟಳು. ಯಾಸೀನ್ ಎರಡೂ ಕೈಯಲ್ಲಿ ಗಾದಿ ಹಿಡಿದು ತಂದು ಅಜ್ಜಿಯ ಮುಂದೆ ನಿಂತಿದ್ದ.

“ಏನ್ ಮಾಡ್ತಾನೆ ಇವ್ನು?”

“ವಾಪಸ್ ಕೊಡ್ತಾರಂತೆ. ತಾನು ಆ ಹಾಜಿ ಅಲ್ಲವಲ್ಲ ಅಂತ.”

“ಹೋಗಿ ಕೂರು ಅನ್ನು. ಸೊಂಟ ನೋವಿಲ್ಲಾಂದ್ರೆ ಇನ್ನೂ ಒಳ್ಳೇದಾಯ್ತು, ಗಾದಿ ಬಾಳಿಕೆ ಬರ್ತೈತೆ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದಾದಾಪೀರ್ ಮೇಷ್ಟ್ರು ಪರೀಕ್ಷೆಯ ಫಲಿತಾಂಶಕ್ಕೆ ತಡಮಾಡುವವನಲ್ಲ. ಜಬೀನಾ ಕೈಗೆತ್ತಿಕೊಳ್ಳುವ ಮೊದಲೇ ಅಜ್ಜಿ ಕಿತ್ತುಕೊಂಡಳು. ಸ್ಪೀಕರಿನಲ್ಲಿ ಅಪ್ಪನ ದನಿ ಆರು ಮೇಜಿಗೂ ಕೇಳಿಸಿತು.

“ಅವ್ವಾ, ಹಾಜಿ ಸಾಹೇಬ್ರ ಹೋಟ್ಲಿಗೆ ಹೋದ್ರಾ?”

“ಹೋಟ್ಲಾಗೇ ಕೂತೀನಿ. ಎದುರಿಗೇ ಅವ್ನೆ ಯಜಮಾನ, ಗಾದಿ ಮ್ಯಾಲೆ.”

“ಊಟ ಹೆಂಗಿತ್ತು?”

ಹುಸೇನಮ್ಮ ಮೊಮ್ಮಗಳನ್ನು ನೋಡಿದಳು. ಜಬೀನಾ ತನ್ನ ಬೂಟಿನ ಲೇಸು ನೋಡಿದಳು.

“ಕೋಳಿ ತಿನ್ಬ್ಯಾಡ್ರಿ ಅಂತ ಅವ್ನೇ ಹೇಳ್ದ. ಎಣ್ಣೆ ಕೆಟ್ಟೈತಂತೆ. ನಮಗೆ ಗೊತ್ತಾಗ್ತಿರ್ಲಿಲ್ಲ. ವ್ಯಾಪಾರ ಹೋದ್ರೆ ಹೋಗ್ಲಿ ಅಂತ ಹೇಳ್ದ. ಅದನ್ನ ನಿನ್ನ ಮಗಳು ನನಗೆ ಇದ್ದದ್ದು ಇದ್ದಂಗೆ ಹೇಳಿದ್ಳು. ಮೊಟ್ಟೆ ತಿಂದ್ವಿ.”

ಅತ್ತ ಕಡೆ ಮೇಷ್ಟ್ರು ಇದನ್ನು ತೂಗಿ ನೋಡಿದ. “ಬಾಳ ದೊಡ್ಡ ಮನುಷ್ಯ ಬಿಡವ್ವಾ. ನಮ್ಮೂರಾಗೆ ಯಾರು ಹಂಗೆ ಹೇಳ್ತಾರೆ. ಹಂಗಾದ್ರೆ ಹುಡುಗಿ?”

“ಇರ್ಲಿ. ಸೋಮಾರ ಸಹಿ ಹಾಕ್ಲಿ.” ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಹುಸೇನಮ್ಮ ಯಾಸೀನನ ಕಡೆ ಬೆರಳು ಮಾಡಿದಳು. “ಮಾಂಸ ಎಲ್ಲಿ ತರ್ತಾನೆ ಕೇಳು. ಮತ್ತೆ ಒಂದು ಒಳ್ಳೇ ದಪ್ಪ ತಳದ ಪಾತ್ರೆ ತರ್ಬೇಕು. ನಾನಿನ್ನು ಆರು ದಿನ ಇಲ್ಲಿರ್ತೀನಿ. ನೀನು ಒಲೆ ಮುಂದೆ ಇರ್ತೀಯ.”

ಆರು ದಿನದಲ್ಲಿ ಡನ್ ಲಿಯರಿಯ ಆ ಮನೆಯ ಹೊಗೆ ಅಲಾರಮ್ಮು ಒಂಬತ್ತು ಸಲ ಕೂಗಿತು. ಐಶು ತನ್ನ ಬೇಳೆ ಪಾತ್ರೆಯನ್ನು ಮಲಗುವ ಕೋಣೆಗೆ ಒಯ್ದು ಕಾಪಾಡಿಕೊಂಡಳು. ಅಜ್ಜಿ ಊರಿಗೆ ಹೋದಳು, ಚಂದ್ರ ಕಂಡ, ರಂಜಾನಿನ ಮೊದಲ ಶುಕ್ರವಾರ ಬಂತು. ಫೋನು ಸರಿಯಾದ ಹೊತ್ತಿಗೆ ಬಡಿಯಿತು.

“ಇಫ್ತಾರಿಗೆ ಏನ್ ತಿಂದೆ ಕೂಸೆ?”

ಜಬೀನಾ ಮುಂದಿದ್ದ ತಟ್ಟೆಯನ್ನು ನೋಡಿದಳು. ಅಭ್ಯಾಸ ಬಲದಿಂದ ಏಣಿಯೊಂದು ತಾನಾಗಿಯೇ ಏಳತೊಡಗಿತು. ಅದನ್ನು ಕೆಳಗಿಳಿಸಿದಳು.

“ಮಟನ್ ಸಾರು. ಉಪ್ಪು ಜಾಸ್ತಿ ಆಗೈತೆ. ಮಾಂಸ ಬೆಂದಿಲ್ಲ. ತಳ ಹಿಡ್ದೈತೆ.”

ದಾವಣಗೆರೆಯಲ್ಲಿ ಹುಸೇನಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಇದನ್ನ ನಂಬ್ತೀನಿ” ಎಂದಳು. “ತಿನ್ನು.”